ಪೋಪನ ಅಧಿಕಾರ ರಾಜನ ಕೈಗೆ ಹೋದದ್ದು ಹೇಗೆ?

ಹಾಸನ_ಬಿಎ
16ನೇ ಶತಮಾನದ ಯುರೋಪಿನಲ್ಲಿ ಪೋಪನ ಚರ್ಚ್ ವಿರುದ್ಧ ಎದ್ದ ಮತಸುಧಾರಣೆ ಚಳವಳಿಯ ಬಗ್ಗೆ ನೋಟ್ಸ್‌ನಲ್ಲಿ "ಮತಸುಧಾರಣೆಯಿಂದ ರಾಜರ ಅಧಿಕಾರ ಹೆಚ್ಚಿತು, ಧಾರ್ಮಿಕ ಸ್ವಾತಂತ್ರ್ಯ ಬಂತು" ಅಂತ ಒಂದೇ ಸಾಲಿದೆ. ಹತ್ತು ಅಂಕಕ್ಕೆ ಏನು ಬರೆಯೋದು? ಚರ್ಚ್ ಆಸ್ತಿ ಸರ್ಕಾರಕ್ಕೆ ಹೋದದ್ದು ನಮ್ಮ ಮುಜರಾಯಿ ಇದ್ದ ಹಾಗೇನಾ ಸರ್?

ಬೇಲೂರು_ಮೇಷ್ಟ್ರು
ಮೊದಲು ಆ "ಸ್ವಾತಂತ್ರ್ಯ" ಹೊಡೆದುಹಾಕಿ. 1555ರಲ್ಲಿ ಜರ್ಮನಿಯಲ್ಲಾದ ಆಗ್ಸ್‌ಬರ್ಗ್ ಒಪ್ಪಂದದಲ್ಲಿ ಮತ ಆರಿಸುವ ಹಕ್ಕು ಸಿಕ್ಕಿದ್ದು ದೊರೆಗೆ. ಒಪ್ಪದ ಪ್ರಜೆ ಆಸ್ತಿ ಮಾರಿಕೊಂಡು ಊರು ಬಿಡಬಹುದಿತ್ತು, ಅಷ್ಟೇ. ಆಯ್ಕೆಯೂ ಎರಡೇ, ಪೋಪನ ಕ್ಯಾಥೊಲಿಕ್ ಇಲ್ಲವೇ ಸುಧಾರಕ ಲೂಥರ್‌ನ ಲೂಥರನ್ ಪಂಥ. ಇನ್ನೊಬ್ಬ ಸುಧಾರಕ ಕ್ಯಾಲ್ವಿನ್‌ನ ಪಂಥದವರಿಗೆ ಮಾನ್ಯತೆ ಬಂದದ್ದು 1648ರಲ್ಲಿ, ವೆಸ್ಟ್‌ಫಾಲಿಯಾ ಒಪ್ಪಂದದಲ್ಲಿ.

ಅಧಿಕಾರದ ಮಾತಿಗೆ ಇಂಗ್ಲೆಂಡ್ ಹಿಡಿಯಿರಿ. 1533ರಲ್ಲಿ ರೋಮ್‌ಗೆ ಮೇಲ್ಮನವಿ ಹೋಗುವುದನ್ನೇ ಪಾರ್ಲಿಮೆಂಟ್ ನಿಲ್ಲಿಸಿತು. ರಾಜ ಎಂಟನೇ ಹೆನ್ರಿಯ ಮದುವೆ ರದ್ದತಿ ವ್ಯಾಜ್ಯವನ್ನು ಅದೇ ವರ್ಷ ಆರ್ಚ್‌ಬಿಷಪ್ ಕ್ರ್ಯಾನ್ಮರ್ ಅಲ್ಲೇ ತೀರ್ಮಾನಿಸಿದರು. 1534ರಲ್ಲಿ ರಾಜನೇ ಚರ್ಚ್‌ನ ಮುಖ್ಯಸ್ಥ ಎಂಬ ಕಾನೂನು. 1536ರಲ್ಲಿ ವರ್ಷಕ್ಕೆ 200 ಪೌಂಡ್‌ಗಿಂತ ಕಡಿಮೆ ಆದಾಯದ ಕ್ರೈಸ್ತ ಸನ್ಯಾಸಿ ಮಠಗಳು ರಾಜನ ವಶವಾದವು, 1540ರ ಹೊತ್ತಿಗೆ ದೊಡ್ಡವೂ ಮುಗಿದವು. ಮೊದಲು ಕೋರ್ಟು, ಆಮೇಲೆ ಪದವಿ, ಕಡೆಗೆ ಜಮೀನು. ಉತ್ತರಪತ್ರಿಕೆಗಳಲ್ಲಿ ಇದು ಸಾಮಾನ್ಯವಾಗಿ ತಲೆಕೆಳಗಾಗಿರುತ್ತದೆ.

ಮುಜರಾಯಿ ಹೋಲಿಕೆ ಅರ್ಧಕ್ಕೇ ನಿಲ್ಲುತ್ತೆ. ಇಲ್ಲಿ ಇನಾಂ ಜಮೀನು ಹೋದರೂ ದೇವಸ್ಥಾನ ಉಳಿಯಿತು, ಸರ್ಕಾರದಿಂದ ತಸ್ತೀಕ್ (ವಾರ್ಷಿಕ ಹಣ) ಬರುತ್ತೆ. ಅಲ್ಲಿ ಮಠವೇ ಮುಚ್ಚಿತು. ಚಾವಣಿಯ ಸೀಸ ಕಿತ್ತು ಕರಗಿಸಿದರು, ಗಂಟೆ ಮಾರಿದರು, ಸನ್ಯಾಸಿಗಳಲ್ಲಿ ಬಹಳ ಮಂದಿಗೆ ಪಿಂಚಣಿ ಕೊಟ್ಟರು.

ಕಡೂರು_ಇತಿಹಾಸ
ಮೇಷ್ಟ್ರು ಜರ್ಮನಿಯ ಊರುಗಳನ್ನು ಬಿಟ್ಟರು. ಸ್ಯಾಕ್ಸನಿಯ ಲೈಸ್ನಿಗ್‌ನಲ್ಲಿ 1523ರಲ್ಲಿ ಚರ್ಚ್ ಆದಾಯವೆಲ್ಲ ಒಂದೇ ಹುಂಡಿಗೆ ಎಂದು ಕಟ್ಟಳೆ ಮಾಡಿದರು. ನೋಡಿಕೊಳ್ಳಲು ಹತ್ತು ಜನ: ಇಬ್ಬರು ಕುಲೀನರು, ನಗರಸಭೆಯ ಇಬ್ಬರು, ಪಟ್ಟಣದ ಮೂವರು, ಹಳ್ಳಿಯ ರೈತರು ಮೂವರು. ಪೆಟ್ಟಿಗೆಗೆ ನಾಲ್ಕು ಬೀಗ, ಗುಂಪಿಗೊಂದು ಕೀ, ಯಾರೊಬ್ಬರೂ ಒಂಟಿಯಾಗಿ ತೆಗೆಯುವಂತಿಲ್ಲ. ಪಾದ್ರಿಯ ಸಂಬಳ, ಶಾಲೆ, ಬಡವರ ಖರ್ಚು ಎಲ್ಲ ಅದರಿಂದಲೇ. ಕೆಟ್ಟದ್ದು ಎಲ್ಲಿ ಅಂದರೆ, ತನ್ನ ಕೈಲಿದ್ದ ದತ್ತಿಗಳನ್ನು ನಗರಸಭೆ ಬಿಟ್ಟುಕೊಡಲಿಲ್ಲ. ಬೀಗ ಗಟ್ಟಿ, ಪೆಟ್ಟಿಗೆ ಬರಿದು.

ಕಾನೂನಿನ ಭಾಗಕ್ಕೆ ಮದುವೆ ಬರೆಯಿರಿ. ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ 1525ರಲ್ಲಿ ಮದುವೆ ಕೋರ್ಟ್ ಆಯಿತು. ಆರು ನ್ಯಾಯಾಧೀಶರಲ್ಲಿ ಪಾದ್ರಿಗಳು ಇಬ್ಬರೇ, ಉಳಿದವರು ನಗರಸಭೆಯವರು. ವ್ಯಭಿಚಾರ ಸಾಬೀತಾದರೆ ವಿಚ್ಛೇದನ, ತಪ್ಪಿಲ್ಲದವರಿಗೆ ಮರುಮದುವೆ. ಇಂಗ್ಲೆಂಡಿನಲ್ಲಿ ಹಾಗಾಗಲಿಲ್ಲ, ಉಯಿಲು ಮತ್ತು ಮದುವೆ ವ್ಯಾಜ್ಯ 1857ರವರೆಗೂ ಚರ್ಚ್ ಕೋರ್ಟುಗಳಲ್ಲೇ ಉಳಿದವು. ಎರಡನ್ನೂ ಒಂದೇ ಗಂಟಿಗೆ ಕಟ್ಟಬೇಡಿ.



ಹಾಸನ_ಬಿಎ
ಹೆನ್ರಿಯ ಮಗಳು ಮೇರಿ ರಾಣಿ ಮತ್ತೆ ಪೋಪನನ್ನು ಒಪ್ಪಿಕೊಂಡಳಲ್ಲ, ಆಗ ಜಮೀನು ವಾಪಸ್ ಬಂತಾ?

ಬೇಲೂರು_ಮೇಷ್ಟ್ರು
ಇಲ್ಲ. ಹೆನ್ರಿ ಯುದ್ಧದ ಖರ್ಚಿಗೆಂದು ಬಹುಪಾಲು ಮಾರಿಬಿಟ್ಟಿದ್ದ. 1554-55ರಲ್ಲಿ ರೋಮ್ ಜೊತೆ ರಾಜಿಯಾದಾಗ, ಕೊಂಡವರ ಸ್ವಾಧೀನ ಮುಟ್ಟುವುದಿಲ್ಲ ಎಂಬ ಭರವಸೆ ಸಿಕ್ಕ ಮೇಲೆಯೇ ಕಾಯ್ದೆ ಪಾಸಾಯಿತು. ಪಾರ್ಲಿಮೆಂಟಿನಲ್ಲಿ ಕೂತಿದ್ದವರಲ್ಲಿ ಬಹಳ ಮಂದಿ ಆ ಜಮೀನು ಕೊಂಡವರೇ.