ಸಹಾಯ ಬೇಕು: ಜಿಆರ್‌ಇ ಪದಗಳು ತಲೆಯಲ್ಲಿ ನಿಲ್ಲುತ್ತಿಲ್ಲ

ಎಲ್ಲರಿಗೂ ನಮಸ್ಕಾರ. ವಿದೇಶದಲ್ಲಿ ಸ್ನಾತಕೋತ್ತರ ಓದಿಗೆ ಸೇರಲು ಬರೆಯುವ ಜಿಆರ್‌ಇ ಪರೀಕ್ಷೆಗೆ ಎರಡು ತಿಂಗಳಿಂದ ಓದುತ್ತಿದ್ದೇನೆ. ಹತ್ತನೇ ಕ್ಲಾಸಿನವರೆಗೆ ಓದಿದ್ದು ಕನ್ನಡ ಮಾಧ್ಯಮದಲ್ಲಿ. ಗಣಿತ ಪರವಾಗಿಲ್ಲ, ಇಂಗ್ಲಿಷ್ ಪದಗಳದ್ದೇ ಕಷ್ಟ.

ದಿನಕ್ಕೆ 30 ಪದ ಬರೆದು ಕಲಿಯುತ್ತೇನೆ. ವಾರ ಕಳೆದರೆ ಅರ್ಧ ಮರೆತಿರುತ್ತದೆ. ಅದಕ್ಕಿಂತ ಜಾಸ್ತಿ ಕಾಡುವುದು ಹತ್ತಿರದ ಅರ್ಥದ ಪದಗಳು. 'ಫ್ರೂಗಲ್' ಅಂದರೆ ಹಿಡಿತದಿಂದ ಖರ್ಚು ಮಾಡುವವರು, ಅದು ಮೆಚ್ಚುಗೆ. 'ಪಾರ್ಸಿಮೋನಿಯಸ್' ಅಂದರೆ ಜಿಪುಣರು, ಅದು ಬೈಗುಳದ ಹಾಗೆ. ನಾನು ಎರಡರ ಮುಂದೆಯೂ 'ಕಡಿಮೆ ಖರ್ಚು ಮಾಡುವ' ಎಂದು ಬರೆದುಕೊಂಡಿದ್ದೆ! ಆರು ಪದಗಳಲ್ಲಿ ಎರಡನ್ನು ಆರಿಸುವ ಪ್ರಶ್ನೆಯಲ್ಲಿ ಒಂದು ತಪ್ಪಿದರೂ ಅಂಕ ಇಲ್ಲ, ಅಲ್ವಾ? ಅದೇ ಭಯ.

ಮೂಲ ಹಿಡಿದು ಕಲಿತದ್ದು ಮಾತ್ರ ಚೆನ್ನಾಗಿ ನೆನಪಿದೆ. ಲ್ಯಾಟಿನ್‌ನಲ್ಲಿ 'ಬೆನೆ' ಅಂದರೆ ಒಳ್ಳೆಯದಾಗಿ, 'ಮಲೆ' ಅಂದರೆ ಕೆಟ್ಟದಾಗಿ. ಅಲ್ಲಿಂದ 'ಬೆನೆವೊಲೆಂಟ್' (ಒಳಿತು ಬಯಸುವ), 'ಮಲೆವೊಲೆಂಟ್' (ಕೇಡು ಬಯಸುವ) ಎರಡೂ ಸಲೀಸಾಗಿ ಬಂದವು. ಆದರೆ ಎಲ್ಲ ಪದಕ್ಕೂ ಇದು ನಡೆಯುವುದಿಲ್ಲ.

ಕನ್ನಡ ಮಾಧ್ಯಮದಿಂದ ಬಂದು ಬರೆದವರು ದಯವಿಟ್ಟು ಹೇಳಿ. ಅರ್ಥವನ್ನು ಕನ್ನಡದಲ್ಲಿ ಬರೆದುಕೊಂಡಿರಾ, ಇಂಗ್ಲಿಷ್‌ನಲ್ಲೇ? ಹಳೆಯ ಪದಗಳನ್ನು ಎಷ್ಟು ದಿನಕ್ಕೊಮ್ಮೆ ತಿರುಗಿ ನೋಡುತ್ತಿದ್ದಿರಿ? ಪರೀಕ್ಷೆಗೆ ಇನ್ನು ಮೂರು ತಿಂಗಳಿದೆ. ಸಂಜೆ ಅರ್ಧ ಗಂಟೆ ಜೊತೆಗೆ ಕೂತು ಓದುವವರಿದ್ದರೆ ಇಲ್ಲೇ ತಿಳಿಸಿ.