ಫ್ರೆಂಚ್ ನಾಟಕ ತಂಡದ ತಾಂತ್ರಿಕ ಪಟ್ಟಿ (ರಂಗಸಜ್ಜು, ದೀಪಗಳ ವಿವರ) ಇಂಗ್ಲಿಷಿಗೆ ಮಾಡಿದವರು ಯಾರಾದರೂ ಇದ್ದೀರಾ?

ಹೊಸಬಳು: ತಂಡ ಮೊದಲು ಲಂಡನ್‌ಗೆ, ಆಮೇಲೆ ಅಮೆರಿಕಕ್ಕೆ ಹೋಗುತ್ತದೆ. ರಂಗದ ಪದಗಳೇ ಜಾಸ್ತಿ. ಎರಡೂ ಕಡೆಗೆ ಒಂದೇ ಪ್ರತಿ ಸಾಕಾ? ಪದಕ್ಕೆ ಎಷ್ಟು ಕೇಳಲಿ?

ಲಿಯೋನ್‌ವಾಸಿ: ರೇಟು ಇರಲಿ, ನನಗಾದದ್ದು ಕೇಳಿ. ‘ಕೋತೆ ಜಾರ್ದ್ಯಾಂ’ (ತೋಟದ ಕಡೆ) ಇದ್ದಲ್ಲೆಲ್ಲ ಸ್ಟೇಜ್ ರೈಟ್ ಅಂತ ಬರೆದಿದ್ದೆ. ಏಜೆನ್ಸಿಯ ಪರಿಶೀಲಕ ನಕ್ಷೆ ನೋಡಿದ. ಜಾರ್ದ್ಯಾಂ ಎಡಕ್ಕಿದೆ. ನನ್ನನ್ನು ಕೇಳದೆ ಎಲ್ಲವನ್ನೂ ಲೆಫ್ಟ್ ಮಾಡಿಬಿಟ್ಟ. ನಕ್ಷೆ ಪ್ರೇಕ್ಷಕರ ಕಡೆಯಿಂದ ಬರೆದದ್ದು, ಇಂಗ್ಲಿಷಿನವರ ಎಡ ಬಲ ಪ್ರೇಕ್ಷಕರತ್ತ ಮುಖ ಮಾಡಿ ನಿಂತ ನಟನದು, ಇಷ್ಟೂ ಬೇಡ್ವಾ? ಮೆಟ್ಟಿಲು, ಬಾಗಿಲಿನ ಚೌಕಟ್ಟು ಎಲ್ಲ ಬಿಚ್ಚಿ ರಾತ್ರಿ ಆ ಕಡೆ ಕಟ್ಟಿದರು. ಓವರ್‌ಟೈಮ್ 640 ಪೌಂಡ್, ಅದರಲ್ಲಿ ಅರ್ಧ ನನ್ನ ಬಿಲ್ಲಿನಿಂದ ಕಡಿತ! ವಕೀಲರ ಒಂದು ಕಾಗದಕ್ಕೆ 180 ಯೂರೋ ಕೊಟ್ಟೆ. ದುಡ್ಡು ಇವತ್ತಿಗೂ ಬಂದಿಲ್ಲ.

ತೆರೆಹಿಂದೆ: ಅದಕ್ಕೇ ನಾನು ಜಾರ್ದ್ಯಾಂ, ಕೂರ್ (ಅಂಗಳ) ಎರಡನ್ನೂ ಹಾಗೇ ಬಿಡುತ್ತೇನೆ. ಪ್ಯಾರಿಸ್ಸಿನ ತ್ವಿಲರಿ ಅರಮನೆಯ ರಂಗಮಂದಿರದಲ್ಲಿ ಒಂದು ಕಡೆ ತೋಟ, ಇನ್ನೊಂದು ಕಡೆ ಅಂಗಳ. ಕೊಮೆದಿ ಫ್ರಾಂಸೇಸ್ ನಾಟಕ ತಂಡ 1770ರಲ್ಲಿ ಅಲ್ಲಿಗೆ ಹೋದ ಮೇಲೆ ಬಂದ ಮಾತು ಅದು. ಪಟ್ಟಿಯ ತಲೆಯಲ್ಲಿ ಒಂದು ಚಿತ್ರ ಹಾಕಿದರೆ ಮುಗಿಯಿತು. ಪದದ ಲೆಕ್ಕದಲ್ಲಿ ದುಡಿಯುವುದಿಲ್ಲ, ಗಂಟೆ ಲೆಕ್ಕ. ಅಗ್ಗದವರ ಹತ್ತಿರ ಮಾಡಿಸಿದ ಒಂದು ತಂಡದ ಪಟ್ಟಿಯಲ್ಲಿ ‘ಕುತ್ಯುರಿಯೇರ್’ ಅನ್ನುವುದು ದರ್ಜಿ ಹೆಂಗಸಾಗಿತ್ತು. ಅದು ಜನರಲ್ ರಿಹರ್ಸಲ್‌ಗಿಂತ (ಕೊನೆಯ ಪೂರ್ತಿ ತಾಲೀಮು) ಮುಂಚಿನ ರಿಹರ್ಸಲ್ ಕಣ್ರೀ. ಅಲ್ಲಿನವರು ಪಾಪ ಮಧ್ಯಾಹ್ನ ಎರಡಕ್ಕೆ ಒಬ್ಬ ದರ್ಜಿಯನ್ನು ಕರೆಸಿ ಕೂರಿಸಿದ್ದರು.

ಲಿಯೋನ್‌ವಾಸಿ: ಹಾಗೇ ಬಿಡುವುದಕ್ಕೂ ಗಂಟೆ ಲೆಕ್ಕದಲ್ಲಿ ದುಡ್ಡಾ? ಭೇಷ್.

ಹ್ಯೂಸ್ಟನ್‌ಲೈಟು: ಒಂದೇ ಪ್ರತಿ ಮಾಡಿದವರಿಂದ ನಾವು ಕೆಟ್ಟೆವು. ‘ದೇಕೂಪ್’ ಅನ್ನುವ ದೀಪ ಲಂಡನ್ನಿನಲ್ಲಿ ಪ್ರೊಫೈಲ್, ಇಲ್ಲಿ ಅಮೆರಿಕದಲ್ಲಿ ಎಲಿಪ್ಸಾಯ್ಡಲ್. ದೀಪ ನೇತುಹಾಕುವ ‘ಪೆರ್ಶ್’ ಅಲ್ಲಿ ಬಾರ್, ಇಲ್ಲಿ ಪೈಪ್. ನಮ್ಮ ಹೊಸ ಹುಡುಗ ಪಟ್ಟಿ ಓದಿ ಬೇರೆಯದೇ ದೀಪ ಬಾಡಿಗೆಗೆ ತಂದ. 900 ಡಾಲರ್, ವಾಪಸ್ ಸಾಗಿಸಲು ಮತ್ತೆ 75. ಜೊತೆಗೆ ಅವರದು 230 ವೋಲ್ಟ್, ನಮ್ಮದು 120. ಅದರ ಸುದ್ದಿಯೇ ಇಲ್ಲ. ಇದನ್ನು ಗ್ರಿಡ್ (ರಂಗದ ಮೇಲಿನ ಜಾಲರಿ ಅಟ್ಟ) ಹತ್ತಿದವರಿಗೆ ಕೊಡಬೇಕು, ಭಾಷೆ ಓದಿದವರಿಗಲ್ಲ.

ತೆರೆಹಿಂದೆ: ಗ್ರಿಡ್ ಹತ್ತಿದವರೊಬ್ಬರು ‘ರೆಜಿಸರ್’ ಅನ್ನು ಡೈರೆಕ್ಟರ್ ಮಾಡಿದ್ದರು. ಸ್ಟೇಜ್ ಮ್ಯಾನೇಜರ್‌ಗೆ ಎಂಥಾ ಬಡ್ತಿ!

ಹ್ಯೂಸ್ಟನ್‌ಲೈಟು: ನೀವು ಒಮ್ಮೆಯಾದರೂ ಹಗ್ಗ ಎಳೆದಿದ್ದೀರಾ?

ಲಿಯೋನ್‌ವಾಸಿ: ಫ್ರಾನ್ಸಿನ ರಂಗದ ಮೇಲೆ ಹಗ್ಗ ಅನ್ನಬಾರದು ಸ್ವಾಮಿ, ‘ಗ್ಯಾಂದ್’ ಅನ್ನಬೇಕು. ಹಿಂದೆ ನಾವಿಕರೇ ರಂಗದ ಕೆಲಸಕ್ಕೆ ಬರುತ್ತಿದ್ದರು, ಅವರಿಂದ ಬಂದ ನಿಷೇಧ.

ತೆರೆಹಿಂದೆ: ನಾವಿಕರ ಕಥೆಗೆ ಪುರಾವೆ ಏನು? ಗಲ್ಲಿನ ಹಗ್ಗದಿಂದ ಬಂದದ್ದು ಅಂತ ನಮ್ಮ ಕಡೆ ಹೇಳುತ್ತಾರೆ.

ಲಿಯೋನ್‌ವಾಸಿ: ಗಲ್ಲಿಗೆ ನಿಮ್ಮ ಹತ್ತಿರ ಪುರಾವೆ ಇದೆಯಾ? ‘ಹಗ್ಗ’ ಅನ್ನುವ ಪದ ಬಾಯಿಗೆ ಬಂದವರು ಎಲ್ಲರಿಗೂ ಕುಡಿಸಬೇಕು. ಹ್ಯೂಸ್ಟನ್‌ನವರೇ, ನೀವು ಈಗಷ್ಟೇ ಅಂದಿರಿ.