ಸಿಗಡಿ ರಿಸೊಟ್ಟೊ ಮುದ್ದೆ ಆಗ್ತಿದೆ, ಎಲ್ಲಿ ತಪ್ಪಿದೆ?

ಪ್ರಶ್ನೆ (ಕಲ್ಯಾಣಪುರ, ಉಡುಪಿ):
ಜೂನ್‌ನಲ್ಲಿ ಮಗಳ ಹುಟ್ಟುಹಬ್ಬ. ರಿಸೊಟ್ಟೊ (ಇಟಲಿಯ ನುಣುಪಾದ ಅನ್ನದ ಅಡುಗೆ) ಮಾಡಿಕೊಡ್ತೇನೆ ಅಂತ ಮಾತು ಕೊಟ್ಟಿದ್ದೇನೆ. ಎರಡು ಸಲ ಮಾಡಿದೆ, ಎರಡು ಸಲವೂ ಕೆಟ್ಟಿತು. ಮಲ್ಪೆಯಿಂದ ತಂದ ಅರ್ಧ ಕಿಲೋ ಸಿಗಡಿ, ಸ್ವಲ್ಪ ಬೊಂಡಾಸ್ (ಸ್ಕ್ವಿಡ್), ಇಟಲಿಯ ಗಿಡ್ಡ ಕಾಳಿನ ಆರ್ಬೋರಿಯೊ ಅಕ್ಕಿ. ಅಕ್ಕಿಯನ್ನು ಮೂರು ನೀರಲ್ಲಿ ತೊಳೆದೆ. ನೀರು, ಮೀನು ಎಲ್ಲ ಒಟ್ಟಿಗೇ ಹಾಕಿ ಮುಚ್ಚಿ ಬೇಯಿಸಿದೆ. ಕೊನೆಗೆ ಒಂದು ಪ್ಯಾಕೆಟ್ ಕ್ರೀಮ್, ಚೀಸ್. ಬಟ್ಟಲಿಗೆ ಹಾಕಿ 5 ನಿಮಿಷಕ್ಕೆ ಮುದ್ದೆ. ಬೊಂಡಾಸ್ ರಬ್ಬರಿನ ಹಾಗೆ. ಸಿಗಡಿಯ ರುಚಿಯೇ ಇಲ್ಲ, ಬರೀ ಕ್ರೀಮಿನ ವಾಸನೆ. ನಮ್ಮ ಮನೆಯಲ್ಲಿ ವೈನ್ ಬಳಸುವುದಿಲ್ಲ. ದಯವಿಟ್ಟು ಹೇಳಿ.

ಉತ್ತರ 1:
ಆ ಅಕ್ಕಿಗೆ ಸುಮ್ನೆ ಯಾಕೆ ಅಷ್ಟು ದುಡ್ಡು? ನಾನು ಕುಚ್ಚಲಕ್ಕಿಯಲ್ಲಿ ಮಾಡಿದ್ದೆ. ರುಚಿ ಚೆನ್ನಾಗಿತ್ತು, ಆದರೆ ಕಾಳು ಬೇರೆ, ರಸ ಬೇರೆ ನಿಂತಿತು.

ಉತ್ತರ 2 (ಬಂದರು, ಮಂಗಳೂರು):
ಹಡಗಿನ ಅಡುಗೆಮನೆಯಲ್ಲಿ 11 ವರ್ಷ ಇದ್ದೆ. ದಿನಾ ರಿಸೊಟ್ಟೊ ಕಲಕಿದ ಕೈ ಇದು.

ಮೊದಲು ಅಕ್ಕಿ. ತೊಳೆಯಲೇಬೇಡಿ. ನಿಮಗೆ ಬೇಕಾದ ಆ ನುಣುಪು ಇರುವುದು ಅಕ್ಕಿಯ ಮೈಮೇಲಿನ ಗಂಜಿಯಲ್ಲಿ. ಅದನ್ನು ಮೋರಿಗೆ ಬಿಟ್ಟು ಪ್ಯಾಕೆಟ್ ಕ್ರೀಮ್ ತಂದರೆ ಹೇಗೆ? ಕುಚ್ಚಲಕ್ಕಿಯೂ ಆಗುವುದಿಲ್ಲ. ಭತ್ತವನ್ನು ಮೊದಲೇ ಬೇಯಿಸಿರುತ್ತಾರಲ್ಲ, ಗಂಜಿ ಕಾಳಿನೊಳಗೇ ಗಟ್ಟಿಯಾಗಿರುತ್ತದೆ, ಬೇಗ ಹೊರಗೆ ಬಿಡುವುದಿಲ್ಲ. ಆರ್ಬೋರಿಯೊ ಸಾಕು, ಇಟಲಿಯದೇ ಇನ್ನೊಂದು ಅಕ್ಕಿ ಕಾರ್ನಾರೋಲಿ ಸಿಕ್ಕರೆ ಇನ್ನೂ ಒಳ್ಳೆಯದು, ಅದು ಬೇಗ ಒಡೆಯುವುದಿಲ್ಲ.

ಇನ್ನು ರುಚಿ. ಸಿಗಡಿಯ ತಲೆ, ಸಿಪ್ಪೆ ಎಲ್ಲಿ ಹೋಯಿತು? ಮಾರ್ಕೆಟಿನಲ್ಲಿ ಕ್ಲೀನ್ ಮಾಡಿಸಿದರೂ ಕೇಳಿ ತನ್ನಿ. ಒಂದು ಚಮಚ ಎಣ್ಣೆಯಲ್ಲಿ ಕೆಂಪಾಗುವವರೆಗೆ ಹುರಿದು, ತಲೆಗಳನ್ನು ಸೌಟಿನಿಂದ ಒತ್ತಿ. ಕಿತ್ತಳೆ ಬಣ್ಣದ ರಸ ಎಣ್ಣೆಗೆ ಇಳಿಯುತ್ತದೆ, ಮನೆಯೆಲ್ಲ ಪರಿಮಳ. ಒಂದು ಈರುಳ್ಳಿ, ನಾಲ್ಕು ಕಾಳುಮೆಣಸು, ಒಂದೂವರೆ ಲೀಟರ್ ನೀರು. 20 ನಿಮಿಷ ಕುದಿಸಿ ಸೋಸಿ. ಈ ಸಾರು ಪಕ್ಕದ ಒಲೆಯಲ್ಲಿ ಬಿಸಿಯಾಗಿಯೇ ಇರಬೇಕು.

ನಾಲ್ವರಿಗೆ 300 ಗ್ರಾಂ ಅಕ್ಕಿ. ಸಣ್ಣಗೆ ಹೆಚ್ಚಿದ ಈರುಳ್ಳಿಯನ್ನು ಬೆಣ್ಣೆಯಲ್ಲಿ ಮೆತ್ತಗಾಗಿಸಿ, ಅಕ್ಕಿ ಹಾಕಿ. ಕಾಳಿನ ಅಂಚು ಗಾಜಿನ ಹಾಗಾಗಿ ನಡುವೆ ಬಿಳಿ ಚುಕ್ಕೆ ಉಳಿಯಬೇಕು. ಆಮೇಲೆ ಸಾರು, ಒಂದೊಂದೇ ಸೌಟು. ಒಂದು ಹೀರಿದ ಮೇಲೆ ಇನ್ನೊಂದು, ಆಗಾಗ ಕಲಕುತ್ತಾ. ಕಾಳು ಕಾಳಿಗೆ ತಿಕ್ಕಿದಾಗಲೇ ಗಂಜಿ ಬಿಡುವುದು. 15 ನಿಮಿಷ ಕಳೆದ ಮೇಲೆ ಕಚ್ಚಿ ನೋಡಿ. ನಡುವೆ ಸ್ವಲ್ಪ ಗಟ್ಟಿ ಇರುವಾಗಲೇ ಒಲೆ ಆರಿಸಿ, 40 ಗ್ರಾಂ ತಣ್ಣಗಿನ ಬೆಣ್ಣೆ ಹಾಕಿ ಜೋರಾಗಿ ಕಲಕಿ.

ನೀವು ಸೋತಿದ್ದು ಬಹುಶಃ ಇಲ್ಲಿಯೇ: ಒಲೆಯ ಮೇಲೆ ಸರಿ ಅನ್ನಿಸಿದರೆ ತಟ್ಟೆಯಲ್ಲಿ ಗಟ್ಟಿ. ಇನ್ನೂ ತೆಳ್ಳಗೆ ಅನ್ನಿಸುವಾಗಲೇ ಬಡಿಸಿ. ತಟ್ಟೆಯ ತಳ ತಟ್ಟಿದರೆ ನಿಧಾನಕ್ಕೆ ಹರಡಬೇಕು. ಇಟಲಿಯವರು ಇದಕ್ಕೆ ಅಲೆ ಅಂತಲೇ ಹೇಳುತ್ತಾರೆ, ಆಲ್‌ಓಂಡಾ. ಕಡಲ ಪಕ್ಕದ ನಮಗೆ ಇದಕ್ಕಿಂತ ಒಳ್ಳೆಯ ಹೆಸರು ಬೇಕಾ?

ಬೊಂಡಾಸ್, ಸಿಗಡಿ ಬೇರೆ ಬಾಣಲೆಯಲ್ಲಿ, ಜೋರು ಉರಿಯಲ್ಲಿ, 2 ನಿಮಿಷ. ಕೊನೆಗೆ ಸೇರಿಸಿ. ಚೀಸ್ ಬೇಡ, ಅಲ್ಲಿಯೂ ಮೀನಿನ ರಿಸೊಟ್ಟೊಗೆ ಸಾಮಾನ್ಯವಾಗಿ ಹಾಕುವುದಿಲ್ಲ. ವೈನ್ ಇಲ್ಲದಿದ್ದರೆ ಕೊನೆಯಲ್ಲಿ ಅರ್ಧ ನಿಂಬೆ. ತೆಂಗಿನ ಹಾಲು ಮಾತ್ರ ಹಾಕಬೇಡಿ, ರುಚಿ ಇರಬಹುದು, ಆದರೆ ಅದು ಬೇರೆ ಅಡುಗೆ.

ಉತ್ತರ 3 (ಉಳ್ಳಾಲ):
ಒಮ್ಮೆ ಮರುವಾಯಿ (ಕಪ್ಪೆಚಿಪ್ಪು) ಹಾಕಿ ನೋಡಿ. ಉಪ್ಪುನೀರಲ್ಲಿ 2 ಗಂಟೆ ಇಟ್ಟರೆ ಮರಳು ಬಿಡುತ್ತದೆ. ಮುಚ್ಚಿದ ಪಾತ್ರೆಯಲ್ಲಿ 4 ನಿಮಿಷಕ್ಕೆ ಬಾಯಿ ತೆರೆಯುತ್ತದೆ, ತೆರೆಯದ್ದನ್ನು ಬಿಸಾಡಿ. ತಳದ ನೀರನ್ನು ಬಟ್ಟೆಯಲ್ಲಿ ಸೋಸಿ ಸಾರಿಗೆ ಸೇರಿಸಿ. ಅದರಲ್ಲೇ ಉಪ್ಪು ಇರುತ್ತದೆ, ಜೋಪಾನ.

ಪ್ರಶ್ನೆ ಕೇಳಿದವಳು:
ಭಾನುವಾರ ಮಾಡಿದೆ. ತಟ್ಟೆ ತಟ್ಟಿದೆ, ಹರಡಿತು! ಬೊಂಡಾಸ್ ಹಲ್ಲಿಗೆ ಮೆತ್ತಗೆ ಸಿಕ್ಕಿತು. ಉಪ್ಪು ಮಾತ್ರ ಸ್ವಲ್ಪ ಜಾಸ್ತಿ, ಸಾರು ಬತ್ತಿದ್ದು ಗಮನಿಸಲಿಲ್ಲ. ಜೂನ್ 1ರಿಂದ ಬೋಟು ಕಡಲಿಗೆ ಇಳಿಯುವುದಿಲ್ಲ ಅಲ್ವಾ, ಅದಕ್ಕೇ ಈ ವಾರವೇ ಮಲ್ಪೆಗೆ ಹೋಗಿ ಒಂದು ಕಿಲೋ ತಂದು, ಸಿಪ್ಪೆಯ ಸಾರು ಮಾಡಿ ಫ್ರೀಜರಿನಲ್ಲಿ ಇಡುತ್ತೇನೆ.